ಈಕ್ವಲೈಸರ್ ಗುಂಡಿಗಳೂ ನಮ್ಮಪ್ಪನ ಕಿವಿಯೂ

ಮನೆಮನೆಗೆ ಹೋಗಿ ಹಾಡಿನ ಸ್ವರ ಸರಿಮಾಡಿ ಕೊಡುವವನು ನಗುವಿಗಾಗಿ ಎಲ್ಲೂ ಹುಡುಕಬೇಕಾಗಿಲ್ಲ. ಪ್ರತಿ ಮನೆಯೂ ಒಂದಿಷ್ಟು ಕಟ್ಟಿಯೇ ಕಳಿಸುತ್ತದೆ.

ಎಂಬತ್ತರ ದಶಕದಲ್ಲಿ ಬಟ್ಟೆ ಮಿಲ್ಲುಗಳ ಊರಾದ ಪೆರಿಯನಾಯಕನಪಾಳ್ಯಂನಲ್ಲಿ ನಾನು ಆಂಪ್ಲಿಫೈಯರ್, ಈಕ್ವಲೈಸರ್ ಜೋಡಿಸುತ್ತಿದ್ದೆ. ಈಕ್ವಲೈಸರ್ ಅಂದರೆ ಸಾಲಾಗಿ ಜಾರುಗುಂಡಿಗಳಿರುವ ಪೆಟ್ಟಿಗೆ. ಎಡಗಡೆಯವು ಮೃದಂಗದ ದಪ್ಪ ದನಿಗೆ, ಬಲಗಡೆಯವು ಜಾಲ್ರದ, ಅಂದರೆ ಭಜನೆಯ ಕೈತಾಳದಂಥ, ಸಣ್ಣ ದನಿಗೆ. ಕೋಣೆಯಲ್ಲಿ ಯಾವ ದನಿ ಅತಿಯಾಗುತ್ತದೋ ಅದನ್ನು ಇಳಿಸಬೇಕು, ಯಾವುದು ಅಡಗುತ್ತದೋ ಅದನ್ನು ಏರಿಸಬೇಕು. ಸರಿಯಾದ ಗುಂಡಿ ಸರಿಯಾಗಿ ಜರುಗಿದಾಗ ಹಾಡು ಎದ್ದು ಕೂರುವುದನ್ನು ನೀವು ಕೇಳಬೇಕಿತ್ತು!

ಮಿಲ್ಲಿನ ಮಗ್ಗಗಳ ನಡುವೆ ಆಯುಸ್ಸು ಕಳೆದ ಅಪ್ಪನಿಗೆ ಮಾತ್ರ ಇದು ಕೆಲಸವೇ ಅಲ್ಲ. ನನಗೂ ಅಲ್ಲೇ ಜಾಗ ಹೇಳಿಟ್ಟಿದ್ದರು. ಪೊಂಗಲ್ ಒಳಗೆ ನಿನ್ನ ಪೆಟ್ಟಿಗೆಯ ಹಾಡು ನನಗೆ ಹಿಡಿಸಬೇಕು, ಇಲ್ಲದಿದ್ದರೆ ಮಿಲ್ಲಿಗೆ ನಡಿ ಎಂದು ಗಡುವು ಕೊಟ್ಟರು.

ನೇರ ಸಾಲು

ನೇಕಾರರ ಮನೆಯೊಂದರಲ್ಲಿ ಮಧ್ಯಾಹ್ನವಿಡೀ ಕೂತು ಗುಂಡಿಗಳನ್ನು ಏರಿಸಿ ಇಳಿಸಿ ಹದ ಮಾಡಿದೆ. ಮರುದಿನವೇ ಹಾಡು ಕೆಟ್ಟಿದೆ ಎಂದು ಹೇಳಿಕಳಿಸಿದರು. ಹೋಗಿ ನೋಡಿದರೆ ಗುಂಡಿಗಳೆಲ್ಲ ಒಂದೇ ಸಾಲಿನಲ್ಲಿವೆ. ಸರಿಮಾಡಿ ಬಂದೆ, ಮತ್ತೆ ನೇರವಾದವು. ಮುಂದಿನ ಸಲ ಅಲ್ಲೇ ಕಾದು ಕೂತೆ. ಆ ಮನೆಯ ಅಜ್ಜಿ ಬಂದು, ನನ್ನನ್ನು ಮರುಕದಿಂದ ನೋಡಿ, ಒಂದೊಂದನ್ನೇ ಬೆರಳಿಂದ ಎಳೆದು ಸಾಲಿಗೆ ತಂದರು.

"ಎಳೆ ಹಿಂಗೆ ಏರುಪೇರಾಗಿ ಬುಟ್ಟೋದ್ರೆ ಯಾರಪ್ಪ ನಿಂಗೆ ಕೂಲಿ ಕೊಡ್ತಾರೆ?" ಎಂದರು.

ಹಾಡು ನುಂಗಿದ ಹತ್ತಿ

ಅನ್ನೂರಿನ ರೈತರೊಬ್ಬರ ಹೊಸ ಮನೆ. ಖಾಲಿ ಹಜಾರ, ಸಿಮೆಂಟು ನೆಲ, ಕೆಮ್ಮಿದರೂ ಮಾರ್ದನಿ. ಸಣ್ಣ ದನಿಗಳನ್ನೆಲ್ಲ ಇಳಿಸಿ ಬಂದೆ. ಕೆಲವು ದಿನಗಳಲ್ಲೇ ಅವರು ಬಂದು, ಹಾಡು ಬರೀ ಗೊಣಗುತ್ತದೆ ಎಂದು ದೂರಿದರು. ಹೋದರೆ ಹಜಾರದಲ್ಲಿ ಸೂರು ಮುಟ್ಟುವಂತೆ ಹತ್ತಿ ಮೂಟೆಗಳು. ಸಣ್ಣ ದನಿಯನ್ನೆಲ್ಲ ಅವೇ ಹೀರಿಬಿಟ್ಟಿದ್ದವು. ಗುಂಡಿ ಏರಿಸಿದೆ. ಹತ್ತಿ ಮಾರಾಟವಾಯಿತು, ಹಾಡು ಕಿರುಚತೊಡಗಿತು.

ಗುಂಡಿ ಇಳಿಸುವುದನ್ನು ಕಲಿಸಲು ಹೋದರೆ ಅವರಿಗೆ ಬೇಡ. ಹಾಡು ಕೇಳುವುದಕ್ಕೆಂದೇ ನಾಲ್ಕು ಮೂಟೆ ಮಾರದೆ ಉಳಿಸಿಕೊಂಡರು. ಆಯುಧಪೂಜೆಗೆ ಹೋದಾಗ ನೋಡಿದೆ, ಆಂಪ್ಲಿಫೈಯರ್ ಜೊತೆ ಆ ಮೂಟೆಗಳಿಗೂ ಕುಂಕುಮ ಹಚ್ಚಿದ್ದರು.

ಅಪ್ಪನ ಸರದಿ

ಪೊಂಗಲ್ ಬಂದೇಬಿಟ್ಟಿತು. ನಮ್ಮ ಮನೆಯಲ್ಲಿ ಪೆಟ್ಟಿಗೆ ಇಟ್ಟು ಹಾಡು ಹಾಕಿದೆ. ಅವ್ವನಿಗೂ ನೆರೆಮನೆಯವರಿಗೂ ಬಹಳ ಹಿಡಿಸಿತು. ಅಪ್ಪ ಮಾತ್ರ ಯಾರೋ ಕಂಬಳಿ ಹೊದ್ದು ಹಾಡುತ್ತಿದ್ದಾರೆ ಎಂದರು. ಮಿಲ್ಲು ಕಣ್ಣೆದುರು ಬಂತು. ಕೋಣೆಯದೇ ದೋಷವೆಂದು ಹಾಸಿಗೆ ಹೊರಗೆ ಹಾಕಿದೆ, ಪರದೆ ಬಿಚ್ಚಿದೆ, ಅಕ್ಕಿ ಮೂಟೆಯನ್ನೂ ಎಳೆದೆ. ಅಪ್ಪ ತಲೆ ಅಲ್ಲಾಡಿಸುತ್ತಲೇ ಇದ್ದರು.

ಆಗ ಹೊಳೆಯಿತು. ದೋಷ ಕೋಣೆಯದಲ್ಲ. ಮಗ್ಗಗಳ ಸದ್ದು ಅವರ ಕಿವಿಯಿಂದ ಸಣ್ಣ ದನಿಗಳನ್ನೆಲ್ಲ ತಿಂದುಹಾಕಿತ್ತು. ಬಲಗಡೆಯ ಗುಂಡಿಗಳನ್ನು ತುದಿಗೆ ತಳ್ಳಿಬಿಟ್ಟೆ.

ಹಾಡು ತಗಡು ಹರಿದಂತೆ ಕಿರುಚಿತು. ಅವ್ವ ಕಿವಿ ಮುಚ್ಚಿಕೊಂಡು ಓಡಿದರು, ನೆರೆಮನೆಯವರು ಬೀದಿಗೆ ಹಾರಿದರು. ಅಪ್ಪನ ಮುಖ ಅರಳಿತು.

"ಜಾಲ್ರ," ಎಂದರು ಮೆಲ್ಲಗೆ. "ಜಾಲ್ರ ಕೇಳ್ತಾ ಅದೆ."

ಅದನ್ನು ಕೇಳಿ ಅವರಿಗೆ ಎಷ್ಟು ಕಾಲವಾಗಿತ್ತೋ! ನನಗೆ ಕುಣಿಯುವಷ್ಟು ಖುಷಿ. ಮಿಲ್ಲಿಗೆ ಹೋಗುವುದೇನೂ ಬೇಡ ಎಂದರು. ಆಮೇಲೆ ಬಾಗಿಲಿಗೆ ಹೋಗಿ, ಬೀದಿಯಲ್ಲಿ ಕಿವಿಗೆ ಬೆರಳಿಟ್ಟು ನಿಂತವರನ್ನು ಗದರಿದರು:

"ಅಲ್ಯಾಕೆ ನಿಂತ್ಕಂಡ್ರಿ, ಒಳಕ್ಕೆ ಬನ್ನಿ. ಇಷ್ಟೊತ್ತು ಕೆಟ್ಟೋಗಿದ್ದುದ್ನ ನಮ್ಮ ಹೈದ ಈಗ್ತಾನೆ ಸರಿ ಮಾಡವ್ನೆ."