ಸೌಟಿನ ನೆರಳು

ಹೆಂಡತಿ: ಸೌಟು ಎಲ್ಲಿ ಅಂತ ಕೇಳಿದ್ರೆ ಗೋಡೆ ತೋರಿಸ್ತೀರಲ್ಲ ನೀವು. ಗೋಡೆ ನನಗೂ ಕಾಣುತ್ತೆ.

ಸೂಪರ್‌ವೈಸರ್: ಗೋಡೆ ಅಲ್ಲ ಕಣೇ, ಗೋಡೆ ಮೇಲಿನ ನೆರಳು ನೋಡು. ಸೌಟಿನ ಆಕಾರ ಕಪ್ಪಗೆ ಕಾಣ್ತಿದೆಯಾ? ಅಂದ್ರೆ ಸೌಟು ಅಲ್ಲಿಲ್ಲ ಅಂತ ಅರ್ಥ.

ಹೆಂಡತಿ: ಇಲ್ಲ ಅಂತಲೇ ಕೇಳ್ತಿರೋದು.

ಸೂಪರ್‌ವೈಸರ್: ಆದ್ರೆ ಇಲ್ಲ ಅನ್ನೋದು ಒಂದೇ ನೋಟಕ್ಕೆ ಗೊತ್ತಾಯ್ತು. ಇದೇ ಈ ಪದ್ಧತಿಯ ಗುಟ್ಟು. ಮೊದಲು ಹೀಗೆ ಗೊತ್ತಾಗ್ತಿತ್ತಾ?

ಹೆಂಡತಿ: ಮೊದಲು ಸೌಟು ಇರ್ತಿತ್ತು. ಇಲ್ಲ ಅಂತ ಗೊತ್ತಾಗೋ ಪ್ರಮೇಯವೇ ಬರ್ತಿರ್ಲಿಲ್ಲ.

ಸೂಪರ್‌ವೈಸರರು ಮೋಟಾರಿನ ಬಿಡಿಭಾಗ ಮಾಡುವ ಕಾರ್ಖಾನೆಯವರು. ಅಲ್ಲಿ ಪ್ರತಿಯೊಂದು ಉಪಕರಣಕ್ಕೂ ಬೋರ್ಡಿನ ಮೇಲೆ ಅದರದೇ ಆಕಾರದ ಕಪ್ಪು ನೆರಳು. ನಡೆಯುವ ದಾರಿಗೆ ಹಳದಿ ಗೆರೆ. ಬೇಡದ ಸಾಮಾನಿಗೆ ಕೆಂಪು ಚೀಟಿ. ಇವೆಲ್ಲ ಅವರ ಕೈಯಿಂದಲೇ ಜಾರಿಗೆ ಬಂದದ್ದು. ಹೋದ ವಾರದ ಮೀಟಿಂಗಿನಲ್ಲಿ ಮಾತಿನ ಭರಾಟೆಯಲ್ಲಿ, "ನಮ್ಮ ಮನೆಯಲ್ಲೂ ಹೀಗೇ ಸರ್. ಗುರುತು ಪರಿಚಯ ಇಲ್ಲದವರು ಬಂದರೂ ಯಾವ ಸಾಮಾನು ಬೇಕಾದರೂ ಅರ್ಧ ನಿಮಿಷದಲ್ಲಿ ಹುಡುಕಬಹುದು" ಎಂದುಬಿಟ್ಟಿದ್ದರು. ಮ್ಯಾನೇಜರ್ ಕನ್ನಡಕ ತೆಗೆದು ಒರೆಸಿಕೊಂಡು, "ಹಾಗಾದರೆ ಭಾನುವಾರ ಬಂದು ನೋಡ್ತೀನಿ. ತರಬೇತಿ ಮುಖ್ಯಸ್ಥರ ಹುದ್ದೆಗೆ ಯಾರನ್ನ ಹಾಕೋದು ಅಂತ ಆಮೇಲೆ ತೀರ್ಮಾನ ಮಾಡೋಣ" ಎಂದಿದ್ದರು. ಹಾಗೆ, ಆಡಿದ ಸುಳ್ಳನ್ನು ನಿಜ ಮಾಡಲು ಸೂಪರ್‌ವೈಸರರಿಗೆ ಒಂದು ವಾರ ಸಿಕ್ಕಿತ್ತು. ಇವತ್ತೇ ಆ ಭಾನುವಾರ.

ಅಡುಗೆಮನೆಯ ಬಾಗಿಲ ಬಳಿ ಹಳದಿ ಟೇಪಿನ ಚೌಕದೊಳಗೆ ಒಂದು ಕುರ್ಚಿ. ಅದರ ಬೆನ್ನಿಗೆ "ಅಮ್ಮನ ಕುರ್ಚಿ" ಎಂಬ ಚೀಟಿ. ಕುರ್ಚಿಯಲ್ಲಿ ಅಮ್ಮ.

ಅಮ್ಮ: ನನಗೆ ಹಸಿವಾಗಿದೆ. ಕಾಲು ಗೆರೆ ದಾಟಬಹುದಾ, ಇಲ್ಲ ಇಲ್ಲಿಂದಲೇ ಕೂಗ್ಬೇಕಾ?

ಹೆಂಡತಿ: ಬೇಳೆ ಆಗ್ಲೇ ಬೆಂದಿದೆ ಅತ್ತೆ. ಬಡಿಸೋಕೆ ಸೌಟಿಲ್ಲ. ನೆರಳಲ್ಲಿ ಬಡಿಸೋದು ನನಗೆ ಬರಲ್ಲ.

ಅಮ್ಮ: ಲೋಟದಲ್ಲಿ ಮೊಗೆದು ಹಾಕು.

ಹೆಂಡತಿ: ಲೋಟದ ಮೇಲೆ "ನೀರಿಗೆ ಮಾತ್ರ" ಅಂತ ಅಂಟಿಸಿದಾರೆ ನಿಮ್ಮ ಮಗ.

ಅಮ್ಮ: ಬಟ್ಟಲು?

ಹೆಂಡತಿ: ಅದಕ್ಕೆ ಕೆಂಪು ಚೀಟಿ ಬಿದ್ದಿದೆ. ಒಂದು ವಾರದಿಂದ ಯಾರೂ ಮುಟ್ಟಿಲ್ಲವಂತೆ. ಹೊರಗೆ ಪೆಟ್ಟಿಗೆಗೆ ಹೋಯ್ತು.

ಸೂಪರ್‌ವೈಸರ್: ನೀವಿಬ್ಬರೂ ಸ್ವಲ್ಪ ಸುಮ್ನಿರಿ. ಇನ್ನೇನು ಮ್ಯಾನೇಜರ್ ಬಂದ್ಬಿಡ್ತಾರೆ. ಬಾಗಿಲಿಗೆ ಎದುರಾಗೇ ಆ ಖಾಲಿ ನೆರಳಿದೆ. ಕಾರ್ಖಾನೆಯಲ್ಲಿ ಹೀಗಾದ್ರೆ ನಾವು ಗಾಬರಿ ಆಗಲ್ಲ. ಯಾಕೆ ಅಂತ ಐದು ಸಲ ಕೇಳ್ತೀವಿ. ಐದನೇ ಯಾಕೆಗೆ ಮೂಲ ಕಾರಣ ಸಿಗುತ್ತೆ.

ಅಮ್ಮ: ನಿನಗೆ ಮೂರು ವರ್ಷ ಆಗಿದ್ದಾಗ ಐವತ್ತು ಸಲ ಕೇಳ್ತಿದ್ದೆ. ಆಗ ಯಾರೂ ಸಂಬಳ ಕೊಡ್ಲಿಲ್ಲ.

ಸೂಪರ್‌ವೈಸರ್: ತಮಾಷೆ ಬೇಡಮ್ಮ. ಸರಿಯಾಗಿ ಕೇಳು, ನಾನು ಉತ್ತರ ಹೇಳ್ತೀನಿ.

ಅಮ್ಮ: ಆಯ್ತು. ಸೌಟು ಯಾಕಿಲ್ಲ?

ಸೂಪರ್‌ವೈಸರ್: ಯಾರೋ ತಗೊಂಡು ವಾಪಸ್ ಇಟ್ಟಿಲ್ಲ. (ಹೆಂಡತಿಯ ಕಡೆ ನೋಡಿದರು.)

ಅಮ್ಮ: ಯಾಕೆ ಇಟ್ಟಿಲ್ಲ?

ಹೆಂಡತಿ: ನನ್ನ ಯಾಕೆ ನೋಡ್ತೀರಿ? ನಿನ್ನೆ ಇಡೀ ದಿನ ನಾನು ಅಕ್ಕನ ಮನೆಯಲ್ಲಿದ್ದೆ. ರಾತ್ರಿ ಬರೋ ಹೊತ್ತಿಗೆ ಈ ನೆರಳು ಗೋಡೆ ಹತ್ತಿತ್ತು. ಸೌಟಿನ ಮುಖವನ್ನೇ ನಾನು ನೋಡಿಲ್ಲ.

ಅಮ್ಮ: ನಾನೂ ನೋಡಿಲ್ಲ. ಅಲ್ಲ ಮಗಾ, ಸೌಟಿಲ್ಲದೆ ಅದರ ನೆರಳು ಹೇಗೆ ಕತ್ತರಿಸಿದೆ?

ಸೂಪರ್‌ವೈಸರ್: ಇದು ಯಾಕೆ ಅಲ್ಲ, ಹೇಗೆ. ಹೇಗೆ ಅಂತ ಕೇಳೋ ಹಾಗಿಲ್ಲ.

ಹೆಂಡತಿ: ನಾನು ಕೇಳ್ತೀನಿ. ಹೇಗೆ?

ಸೂಪರ್‌ವೈಸರರು ಗೋಡೆ ನೋಡಿದರು, ಚಾವಣಿ ನೋಡಿದರು. ಎಲ್ಲಿಯೂ ಉತ್ತರದ ಚೀಟಿ ಇರಲಿಲ್ಲ.

ಸೂಪರ್‌ವೈಸರ್: ಕಾರ್ಖಾನೆಗೆ ತಗೊಂಡು ಹೋಗಿದ್ದೆ. ಅಳತೆಗೆ. ಕಪ್ಪು ರಬ್ಬರ್ ಹಾಳೆ ಕತ್ತರಿಸೋ ಮೆಷಿನ್ ಇರೋದು ಅಲ್ಲೇ.

ಹೆಂಡತಿ: ಸೌಟಿಗೆ ಜಾಗ ಮಾಡೋಕೆ ಅಂತ ಸೌಟನ್ನೇ ಮನೆಯಿಂದ ಸಾಗಿಸಿದ್ರಿ.

ಸೂಪರ್‌ವೈಸರ್: ವಾಪಸ್ಸೂ ತಂದೆ ಮಾರಾಯ್ತಿ. ಪೇಪರಲ್ಲಿ ಸುತ್ತಿ ಚೀಲಕ್ಕೆ ಹಾಕಿ ತಂದಿದ್ದು ನನಗೆ ಚೆನ್ನಾಗಿ ನೆನಪಿದೆ.

ಅಮ್ಮ: ಆ ಪೇಪರ್ ಪೊಟ್ಟಣವಾ? ನಿನ್ನೆ ಸಂಜೆ ನಡುಮನೆಯಲ್ಲಿ ಅದನ್ನ ನೋಡಿ ನೀನೇ ಕೂಗಾಡ್ದೆ. "ಇದು ಯಾರದ್ದು, ಹೆಸರಿಲ್ಲ, ಗುರುತಿಲ್ಲ" ಅಂದೆ. ಕೆಂಪು ಚೀಟಿ ಕಟ್ಟಿ ಪೆಟ್ಟಿಗೆಗೆ ಎಸೆದೆ.

ಇಡೀ ಮನೆಗೆ ಚೀಟಿ ಅಂಟಿಸಿದ್ದ ಮಹಾನುಭಾವರು ತಾವೇ ತಂದ ಪೊಟ್ಟಣಕ್ಕೆ ಹೆಸರು ಬರೆಯುವುದನ್ನು ಮರೆತಿದ್ದರು. ಆಮೇಲೆ, ಹೆಸರಿಲ್ಲದ ಅಪರಾಧಕ್ಕೆ ಅದನ್ನು ಗಡೀಪಾರೂ ಮಾಡಿದ್ದರು. ಈಗ ಓಡಿಹೋಗಿ ಪೆಟ್ಟಿಗೆಯಿಂದ ಎತ್ತಿಕೊಂಡು ಬಂದು, ಗೆದ್ದವರ ಹಾಗೆ ಪೇಪರ್ ಬಿಚ್ಚಿದರು. ಒಳಗಿದ್ದದ್ದು ಮೊಳದುದ್ದದ ಕಬ್ಬಿಣದ ಸ್ಪ್ಯಾನರ್. ಉದ್ದ ಹಿಡಿ, ತುದಿಯಲ್ಲಿ ದಪ್ಪನೆಯ ಬಳೆ.

ಹೆಂಡತಿ: ಹಸಿವಿಗೆ ಸೌಟು ತನ್ನ ತಳವನ್ನೇ ತಿಂದ್ಕೊಂಡಿದೆ.

ಸೂಪರ್‌ವೈಸರ್: ಅಯ್ಯೋ. ಇದರ ನೆರಳನ್ನೂ ನಿನ್ನೆಯೇ ಕತ್ತರಿಸಿದ್ವಿ. ಎರಡನ್ನೂ ಪೇಪರಲ್ಲಿ ಸುತ್ತಿ ಒಂದೇ ಮೇಜಿನ ಮೇಲೆ ಇಟ್ಟಿದ್ದೆ.

ಹೆಂಡತಿ: ಎತ್ತಿದಾಗ ಭಾರ ಗೊತ್ತಾಗ್ಲಿಲ್ವಾ?

ಸೂಪರ್‌ವೈಸರ್: ಗೊತ್ತಾಯ್ತು. ದಿನವಿಡೀ ದುಡಿದಿದ್ದೀನಲ್ಲ, ಸುಸ್ತು ಅಂದ್ಕೊಂಡೆ.

ಹೊರಗೆ ಕರೆಗಂಟೆ ಸದ್ದಾಯಿತು.

ಸೂಪರ್‌ವೈಸರರು ಒಂದು ಕ್ಷಣ ಸ್ಪ್ಯಾನರ್ ನೋಡಿದರು, ಒಂದು ಕ್ಷಣ ಖಾಲಿ ನೆರಳು ನೋಡಿದರು. ಹುದ್ದೆ, ಹೊಸ ಕೋಣೆ, ಬಾಗಿಲ ಮೇಲೆ ಹೆಸರಿನ ಫಲಕ ಎಲ್ಲ ಕಣ್ಣ ಮುಂದೆ ಹಾದುಹೋದವು. ಸ್ಪ್ಯಾನರನ್ನು ಸೌಟಿನ ಮೊಳೆಗೆ ನೇತುಹಾಕಿದರು.

ಹೆಂಡತಿ: ರೀ, ಇದೇನು?

ಸೂಪರ್‌ವೈಸರ್: ದೂರದಿಂದ ನೋಡಿದ್ರೆ ಸೌಟೇ.

ಹೆಂಡತಿ: ಅವರು ದೂರದಲ್ಲೇ ನಿಂತಿರ್ತಾರಾ?

ಸೂಪರ್‌ವೈಸರ್: ಹಳದಿ ಗೆರೆ ಯಾಕೆ ಹಾಕಿದ್ದೀನಿ ಮತ್ತೆ?

ಮ್ಯಾನೇಜರ್ ಒಳಗೆ ಬಂದರು. ಕೈಯಲ್ಲೊಂದು ಬಟ್ಟೆಯ ಚೀಲ. ಮೆಲುದನಿಯ ಮನುಷ್ಯ; ಅವರು ಬೈದದ್ದು ಬೈಸಿಕೊಂಡವರಿಗೆ ಮನೆಗೆ ಹೋದ ಮೇಲೆ ತಿಳಿಯುತ್ತದೆ ಎಂದು ಕಾರ್ಖಾನೆಯಲ್ಲಿ ಮಾತಿತ್ತು. ಹಳದಿ ಗೆರೆಯನ್ನು ನೋಡಿ ಮೆಚ್ಚಿಕೊಂಡರು, ಆಮೇಲೆ ಅದನ್ನು ದಾಟಿದರು.

ಮ್ಯಾನೇಜರ್: ಚೆನ್ನಾಗಿದೆ. ಅರ್ಧ ನಿಮಿಷ ಅಂದಿದ್ರಿ ಅಲ್ವಾ? ನಾನೇ ಪರೀಕ್ಷೆ ಮಾಡ್ತೀನಿ. ಈ ಮನೆಯಲ್ಲಿ ಸೌಟು ಎಲ್ಲಿದೆ?

ಸೂಪರ್‌ವೈಸರ್: ಚಾಕು ನೋಡಬಹುದಿತ್ತಲ್ಲ ಸರ್. ಚಾಕು ತುಂಬ ಚೆನ್ನಾಗಿ ಕೂತಿದೆ.

ಮ್ಯಾನೇಜರ್: ಸೌಟೇ ನೋಡೋಣ. ಓ, ಇಲ್ಲಿದೆ. (ಮೊಳೆಯಿಂದ ತೆಗೆದರು. ಕೈ ಸ್ವಲ್ಪ ಕೆಳಗೆ ಜಗ್ಗಿತು.) ತೂಕ ಇದೆ.

ಸೂಪರ್‌ವೈಸರ್: ಹಳೇ ಕಾಲದ್ದು ಸರ್.

ಮ್ಯಾನೇಜರ್: ಹಿಡಿ ಮೇಲೆ ಇಪ್ಪತ್ತನಾಲ್ಕು ಅಂತ ಅಚ್ಚು ಇದೆಯಲ್ಲ.

ಅಮ್ಮ: ಇಪ್ಪತ್ತನಾಲ್ಕು ಜನಕ್ಕೆ ಬಡಿಸೋದು ಅದು.

ಹೆತ್ತ ಕರುಳು ಸುಳ್ಳಿಗೂ ಹಿಂಜರಿಯಲಿಲ್ಲ. ಮ್ಯಾನೇಜರ್ ತಲೆಯಾಡಿಸಿ, ಬಟ್ಟೆಯ ಚೀಲಕ್ಕೆ ಕೈ ಹಾಕಿ, ಹೊಳೆಯುವ ಒಂದು ಸೌಟನ್ನು ತೆಗೆದು ಮೇಜಿನ ಮೇಲಿಟ್ಟರು.

ಹೆಂಡತಿ: ನಮ್ಮ ಸೌಟು.

ಮ್ಯಾನೇಜರ್: ಹೌದಾ? ಇದು ನಿಮ್ಮ ಯಜಮಾನರ ವಿಭಾಗದ ಬೋರ್ಡಿನಲ್ಲಿತ್ತು. ಸುತ್ತಿಗೆಗೂ ಇಕ್ಕಳಕ್ಕೂ ನಡುವೆ, ದೊಡ್ಡ ಸ್ಪ್ಯಾನರಿನ ನೆರಳಿನ ಮೇಲೆ. ಇವತ್ತು ಬೆಳಿಗ್ಗೆ ಭಾನುವಾರದ ಶಿಫ್ಟ್ ನೋಡೋಕೆ ರೌಂಡ್ಸ್‌ಗೆ ಹೋದೆ. ಬೋರ್ಡು ತುಂಬಿತ್ತು, ಮೆಷಿನ್ ನಿಂತಿತ್ತು. ಯಾಕ್ರಪ್ಪಾ ಅಂದೆ. ನಟ್ಟು ಬಿಗಿಮಾಡೋಕೆ ಸ್ಪ್ಯಾನರ್ ಇಲ್ಲ ಅಂದ್ರು. ಮತ್ತೆ ಅಲ್ಲಿ ನೇತಾಡ್ತಿರೋದು ಏನು ಅಂದೆ. "ನೆರಳು ಖಾಲಿ ಇದ್ರೆ ಸೂಪರ್‌ವೈಸರ್ ಸಾಹೇಬ್ರು ಕೂಗಾಡ್ತಾರೆ ಸರ್. ದೂರದಿಂದ ನೋಡಿದ್ರೆ ಸ್ಪ್ಯಾನರೇ" ಅಂದ್ರು.

ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡು ಒಲೆಯ ಕಡೆ ತಿರುಗಿದಳು. ಅವಳ ಬೆನ್ನು ಅಲುಗುತ್ತಿತ್ತು. ತಾವು ಹೇಳಿಕೊಟ್ಟದ್ದನ್ನು ತಮ್ಮ ಜನ ಅಕ್ಷರಶಃ ಕಲಿತಿದ್ದಾರೆ ಎಂದು ಸೂಪರ್‌ವೈಸರರಿಗೆ ಮೊದಲ ಬಾರಿಗೆ ಮನವರಿಕೆಯಾಯಿತು. ಹೆಮ್ಮೆಪಡುವ ಹಾಗಿರಲಿಲ್ಲ.

ಸೂಪರ್‌ವೈಸರ್: ಸರ್, ತಪ್ಪು ನನ್ನದೇ. ಪೊಟ್ಟಣಕ್ಕೆ ಹೆಸರು ಬರೀಲಿಲ್ಲ. ಈಗ ಈ ಸ್ಪ್ಯಾನರ್ ನೇತುಹಾಕಿದ್ದೂ ನಾನೇ. ಆ ಹುದ್ದೆಯ ಮಾತು ಬಿಟ್ಬಿಡಿ.

ಮ್ಯಾನೇಜರ್: ಯಾಕೆ ಬಿಡ್ಬೇಕು? ಹುದ್ದೆ ನಿಮಗೇ. ಬರುವಾಗ ದಾರಿಯಲ್ಲೇ ತೀರ್ಮಾನ ಮಾಡಿದೆ.

ಸೂಪರ್‌ವೈಸರ್: (ತೊದಲುತ್ತ) ಸರ್, ನನಗೇನಾ?

ಮ್ಯಾನೇಜರ್: ತಪ್ಪು ಆದ್ರೆ ಅದು ಬಾಗಿಲಿಂದಲೇ ಕಾಣ್ಬೇಕು. ಇದೇ ಅಲ್ವಾ ಪದ್ಧತಿ? ಇಷ್ಟು ದೂರದಿಂದ ಕಾಣೋ ತಪ್ಪನ್ನ ನನ್ನ ಸರ್ವೀಸಲ್ಲಿ ಯಾರೂ ಮಾಡಿರ್ಲಿಲ್ಲ. ನಮ್ಮ ಎಲ್ಲಾ ಘಟಕಗಳಿಗೂ ಹೋಗಿ, ಈ ಕತೆಯನ್ನ ನಿಮ್ಮ ಬಾಯಿಂದಲೇ ಹೇಳಿ. ಬೋರ್ಡ್ ತುಂಬಿಸೋದು ಕೆಲಸ ಅಲ್ಲ ಅಂತ ಒಬ್ಬರೂ ಮರೆಯಲ್ಲ. ಇನ್ನೊಂದು ಅನುಕೂಲ, ತರಬೇತಿ ವಿಭಾಗದಲ್ಲಿ ಸ್ಪ್ಯಾನರ್ ಇರಲ್ಲ.

ಸೂಪರ್‌ವೈಸರರಿಗೆ ಅದು ಬಡ್ತಿಯೋ ಶಿಕ್ಷೆಯೋ ತಿಳಿಯಲಿಲ್ಲ. ಮನೆಗೆ ಹೋದ ಮೇಲೆ ತಿಳಿಯುವುದೇನೋ ಅಂದುಕೊಂಡರೆ, ಅವರು ಇದ್ದದ್ದೇ ಮನೆಯಲ್ಲಿ. ಮ್ಯಾನೇಜರ್ ಸ್ಪ್ಯಾನರನ್ನೂ ಸೌಟನ್ನೂ ಒಟ್ಟಿಗೆ ಚೀಲಕ್ಕೆ ಹಾಕಿದರು.

ಹೆಂಡತಿ: ಸರ್, ಸೌಟು ನಮ್ಮದು.

ಮ್ಯಾನೇಜರ್: ಗೊತ್ತಮ್ಮ. ಆದ್ರೆ ಪಾಠ ಮಾಡೋಕೆ ಇದು ಬೇಕು. ಇವರು ಹೋದ ಕಡೆಗೆಲ್ಲ ಇದೂ ಹೋಗ್ಲಿ.

ಹೆಂಡತಿ: ತುಂಬ ದಿನ ಹೊರಗಿರ್ಬೇಕಾಗುತ್ತಾ?

ಮ್ಯಾನೇಜರ್: ಯಾವುದು, ಸೌಟಾ?

ಹೆಂಡತಿ: ಎರಡೂ.

ಮ್ಯಾನೇಜರ್: ಮಳೆಗಾಲ ಮುಗಿಯೋವರೆಗೂ ಆಗಬಹುದು.

ಅಮ್ಮ ಗೋಡೆಯ ಮೇಲಿನ ಖಾಲಿ ನೆರಳನ್ನೊಮ್ಮೆ, ಮಗನನ್ನೊಮ್ಮೆ ನೋಡಿದಳು. ಕಾಲನ್ನು ಹಳದಿ ಗೆರೆಯ ಆಚೆಗೆ ಆರಾಮವಾಗಿ ಚಾಚಿದಳು.

ಅಮ್ಮ: ಹೋಗಿ ಬರ್ಲಿ ಬಿಡೇ. ಎರಡೂ ಇಲ್ಲ ಅಂತ ಒಂದೇ ನೋಟಕ್ಕೆ ಗೊತ್ತಾಗುತ್ತಲ್ಲ. ಈಗ ಬಡಿಸು.

ಹೆಂಡತಿ "ನೀರಿಗೆ ಮಾತ್ರ" ಲೋಟವನ್ನು ಬೇಳೆಯೊಳಗೆ ಮುಳುಗಿಸಿದಳು. ತರಬೇತಿ ಮುಖ್ಯಸ್ಥರು ಲೋಟದ ಚೀಟಿಯ ಕಡೆ ಬೆರಳು ಎತ್ತಿದರು. ಆಮೇಲೆ ತಟ್ಟೆ ಚಾಚಿದರು.