ಸಂಚಕಾರ ಕೊಟ್ಟ ಅಪ್ಪ

ಹೊಲಕ್ಕೆ, ಎತ್ತಿಗೆ ಸಂಚಕಾರ ಕೊಟ್ಟವರನ್ನು ನೀವು ನೋಡಿರಬಹುದು. ತಲೆಕೂದಲಿಗೆ ಸಂಚಕಾರ ಕೊಟ್ಟವರನ್ನು ನೋಡಿದ್ದೀರಾ? ನಮ್ಮಪ್ಪ ಕೊಡುತ್ತಿದ್ದ. ಆ ರವಿವಾರವೂ ದುಂಡಸಿಯ ಬೇವಿನ ಮರದ ಕೆಳಗೆ ಕಟಿಂಗ್ ಮಾಡಿಸಿಕೊಂಡು, ಮುಂದಿನ ಕಟಿಂಗಿಗೆ ಅಂತ ನಾಲ್ಕಾಣೆ ಮುಂದೆ ಹಿಡಿದ.

“ಕಾಕಾ, ನೀವು ಕೊಡದಿದ್ರೂ ನಿಮ್ಮ ತಲಿ ಬ್ಯಾರೆ ಯಾರೂ ಒಯ್ಯೂದಿಲ್ರಿ,” ಅಂದ ಕ್ಷೌರದವನು.

“ಹಂಗಲ್ಲೋ ತಮ್ಮಾ. ಮಾತು ಗಟ್ಟಿ ಇರಬೇಕು.”

ಮನೆಗೆ ಬಂದ, ರೊಟ್ಟಿ ಉಂಡ, ಪಲ್ಯಕ್ಕೆ ಉಪ್ಪು ಕಡಿಮೆ ಅಂತ ಅವ್ವನ ಜೊತೆ ಜಗಳ ತೆಗೆದ, ಮಲಗಿದ. ಮರುದಿನ ಏಳಲಿಲ್ಲ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ವ್ಯಾಪಾರ ಕುದುರಿದ ಕೂಡಲೇ ಕೊಳ್ಳುವವನು ಮಾರುವವನ ಕೈಗೆ ಹಾಕುವ ಸಣ್ಣ ಮುಂಗಡವೇ ಸಂಚಕಾರ. ಕೊಟ್ಟವನು ಹಿಂದೆ ಸರಿದರೆ ಅದು ಹೋಯಿತು. ಹಿಡಿದವನು ಹಿಂದೆ ಸರಿದರೆ ಸಂತೆಯಲ್ಲಿ ಅವನ ಮುಖ ಹೋಯಿತು. ನಡುವೆ ಮೂರನೆಯವರು ಬಂದು ದುಪ್ಪಟ್ಟು ಕೊಡುತ್ತೇನೆಂದರೂ ಆ ಎತ್ತಿಗೆ ಕೈ ಹಚ್ಚುವಂತಿಲ್ಲ. ಅಪ್ಪ ಶಿಗ್ಗಾವಿ, ಸವಣೂರು ಸಂತೆಗಳಲ್ಲಿ ಎತ್ತಿನ ದಲಾಲಿ. ಎತ್ತಿಗೆ ನಡೆಯುವ ಕಾಯ್ದೆ ಲೋಕಕ್ಕೆಲ್ಲ ನಡೆಯುತ್ತದೆ ಎಂದು ನಂಬಿದ್ದ. ನನ್ನ ತಮ್ಮನ ತೊಟ್ಟಿಲ ದಿನವೇ ಸವಣೂರಿನ ಅಡಿಗೆಯವನಿಗೆ ಆ ಕೂಸಿನ ಮದುವೆಯ ಅಡಿಗೆಗೆ ಸಂಚಕಾರ ಕೊಟ್ಟಿದ್ದ.

“ಹುಡುಗಿ ಯಾರ್ರಿ?” ಅಂತ ಅಡಿಗೆಯವನು ಕೇಳಿದ.

“ಇನ್ನೂ ಹುಟ್ಟಿಲ್ಲ. ನೀ ಮಾತ್ರ ಗಟ್ಟಿ ಇರು.”

ಅವ್ವ ನಾಚಿಕೆಯಿಂದ ಒಳಗೆ ಹೋದಳು.

ನಾನು ಎಸ್ಸೆಸ್ಸೆಲ್ಸಿ ಬರೆದ ವರ್ಷ ಅವ್ವ ಹಿರೇಕೆರೂರಿನ ಒಂದು ಸಂಬಂಧ ಹುಡುಕಿದಳು. ಅವರೂ ಎತ್ತಿನ ವ್ಯಾಪಾರದವರೇ, ಅನುಕೂಲಸ್ಥರು. ನನಗೋ ಶಾಲೆಯಲ್ಲಿ ಅಕ್ಕೋರಾಗಿ ಕಲಿಸುವ ಆಸೆ. ಅಪ್ಪನಿಗೆ ಒಮ್ಮೆ ಹೇಳಿದ್ದೆ. ಎತ್ತಿನ ಹಲ್ಲು ನೋಡುತ್ತಿದ್ದ, ಕೇಳಿಸಿತೋ ಇಲ್ಲವೋ. ಮರುದಿನ ಹೇಳದೆ ಕೇಳದೆ ಹಾನಗಲ್ಲಿನ ಬಸ್ಸು ಹತ್ತಿದನಂತೆ. ಅಲ್ಲಿ ಶಿಕ್ಷಕರ ತರಬೇತಿ ಕಲಿಸುವ ಅಕ್ಕೋರೊಬ್ಬರ ಮುಂದೆ ಒಂದು ರೂಪಾಯಿ ಇಟ್ಟು, “ಹಿಡೀರಿ, ನಮ್ಮ ಹುಡುಗಿ ಸಂಚಕಾರ,” ಅಂದನಂತೆ.

ಅವರು ನಕ್ಕು, “ಹುಡುಗಿ ಪಾಸಾಗದಿದ್ರ?” ಅಂದರು.

“ರೂಪಾಯಿ ನಿಮಗ. ಅದ ಅಲ್ರಿ ಕಾಯ್ದೆ?”

ವಾರದೊಳಗೆ ಹಿರೇಕೆರೂರಿನವರು ಬಂದರು. ನಾನು ಅವಲಕ್ಕಿ ಕೊಟ್ಟು ಬಾಗಿಲ ಹಿಂದೆ ನಿಂತೆ.

“ಹುಡುಗಿ ನಮಗ ಒಪ್ಪಿಗಿ ಐತಿ. ಮುಂದಿನ ಮಾತು ಹೇಳ್ರಿ,” ಅಂದರು ಹುಡುಗನ ಅಪ್ಪ.

“ತಡಾ ಆತ್ರಿ. ಸಂಚಕಾರ ಕೊಟ್ಟಾಗೇತಿ.”

“ಯಾರ ಕಡೆ?”

“ಹಾನಗಲ್ಲಿನ ಟ್ರೇನಿಂಗ್ ಅಕ್ಕೋರ ಕಡೆ. ಹುಡುಗಿ ಕಲೀತಾಳ.”

ಬೇರೆ ಬೀಗರಾಗಿದ್ದರೆ ಜಗಳವೇ ಆಗುತ್ತಿತ್ತೇನೋ. ಇವರು ಸಂತೆಯ ಮಂದಿ. ಹಿರಿಯರು ರುಮಾಲು ಸರಿಮಾಡಿಕೊಂಡು, “ಮೊದಲ ಹೇಳಬಾರದೇನ್ರಿ? ಸಂಚಕಾರ ಕೊಟ್ಟಲ್ಲಿ ನಾವು ಕೈ ಹಚ್ಚೂದಿಲ್ಲ,” ಅಂದರು. ಅವಲಕ್ಕಿ ಪೂರ್ತಿ ತಿಂದೇ ಎದ್ದರು.

ಅವರು ಓಣಿ ದಾಟಿದ ಮೇಲೆ ಅವ್ವ ಹರಿಹಾಯ್ದಳು. “ಮಗಳೇನ ಎತ್ತೇನ್ರಿ?”

“ಎತ್ತಾಗಿದ್ರ ಮಾರತಿದ್ದೆ,” ಅಂದ ಅಪ್ಪ.

ನಾನು ಹಾನಗಲ್ಲಿಗೆ ಹೋದೆ. ಅಪ್ಪ ತೀರಿಕೊಂಡಾಗ ಕಡೆಯ ಪರೀಕ್ಷೆ ಬಾಕಿ ಇತ್ತು, ಬರೆದೆ, ಪಾಸಾದೆ. ಮರುವರ್ಷ ಮಾಸೂರಿನ ಶಾಲೆಯಲ್ಲಿ ನೌಕರಿ ಸಿಕ್ಕಿತು. ನನ್ನ ದನಿ ಕೆರೆಯ ಏರಿಯವರೆಗೆ ಕೇಳುತ್ತದೆ ಎಂದು ಊರವರು ನಗುತ್ತಾರೆ. ನಾನು ಕಲಿಸುವುದನ್ನು ಅಪ್ಪ ಒಂದು ದಿನವೂ ಕೇಳಲಿಲ್ಲ.