ಹೊಗಳಿದ ತಪ್ಪಿಗೆ ಹೋದ ಬಾಳೆಗೊನೆ

ಸಿನಿಮಾ ನೋಡುತ್ತ ತಪ್ಪು ಹುಡುಕುವ ಚಟ ನನಗೆ ಯಾವಾಗ ಅಂಟಿತೋ ನೆನಪಿಲ್ಲ. ಎಲೆಅಡಿಕೆಯ ಚಟವಾದರೆ ಬಿಡಿಸಬಹುದು, ಇದಕ್ಕೆ ಔಷಧವಿಲ್ಲ. ಪುರಾಣದ ರಾಜ ಮಗನನ್ನು ಕಳೆದುಕೊಂಡು ಗೋಳಾಡುತ್ತಿದ್ದರೆ ಇಡೀ ಟಾಕೀಸು ಮೂಗು ಒರೆಸಿಕೊಳ್ಳುತ್ತದೆ; ನಾನು ಅವನ ತೋಳಿನ ಮೇಲಿರುವ ಚುಚ್ಚುಮದ್ದಿನ ಕಲೆಯನ್ನು ಹೆಂಡತಿ ಶಾಂತಾಳಿಗೆ ತೋರಿಸುತ್ತಿರುತ್ತೇನೆ. "ಸುಮ್ಮ ಕೂತು ಸಿನಿಮಾ ನೋಡ್ರಿ" ಎಂದು ಅವಳು ಇಪ್ಪತ್ತೈದು ವರ್ಷ ಹೇಳಿದಳು. ಕಳೆದ ವರ್ಷ ಒಂದು ದಿನ ಮಾತು ಬದಲಾಯಿತು. "ಅಷ್ಟು ಶಾಣ್ಯಾ ಇದ್ರ ನೀವೇ ಒಂದು ಸಿನಿಮಾ ತಗದು ತೋರಸ್ರಿ, ನಾನೂ ನೋಡ್ತೀನಿ" ಎಂದಳು.

ಹೀಗೆ ಐವತ್ಮೂರನೆಯ ವಯಸ್ಸಿನಲ್ಲಿ, ಕಚೇರಿ ಮುಗಿಸಿ, ನಮ್ಮೂರ ಸೇಡಂ ರಸ್ತೆಯ ಕಾಲೇಜೊಂದರಲ್ಲಿ ಸಂಜೆ ನಡೆಯುವ ಚಿತ್ರನಿರ್ಮಾಣದ ಕೋರ್ಸಿಗೆ ಸೇರಿದೆ. ಮೊದಲ ದಿನ ಎಲ್ಲರೂ ನನ್ನನ್ನು ಮೇಷ್ಟ್ರೆಂದು ತಿಳಿದು ಎದ್ದು ನಿಂತರು. ಕೋರ್ಸಿನ ಕೊನೆಗೆ ಮೂವರ ಗುಂಪು ಸೇರಿ ಒಂದು ಸಿನಿಮಾದ ಮೊದಲ ಎರಡು ನಿಮಿಷ ಮಾತ್ರ ತೆಗೆಯಬೇಕಿತ್ತು. ಊಟಕ್ಕೆ ಕೂಡಿಸಿ, ಉಪ್ಪು ಉಪ್ಪಿನಕಾಯಿ ಬಡಿಸಿ, ಎಬ್ಬಿಸಿ ಕಳಿಸಿದ ಹಾಗೆ. ನಮ್ಮ ಗುಂಪಿನಲ್ಲಿ ಬ್ರಹ್ಮಪುರದ ಸವಿತಾ ನಿರ್ದೇಶಕಿ, ನಾಯಕಿಯೂ ಅವಳೇ. ಮದುವೆ ವಿಡಿಯೊ ತೆಗೆದು ಕೈ ಪಳಗಿದ್ದ ಜಾಕೀರ್‌ಗೆ ಕ್ಯಾಮೆರಾ ಮತ್ತು ಎಡಿಟಿಂಗ್. ಯಾರ ಕಣ್ಣಲ್ಲಾದರೂ ನೀರು ಕಂಡರೆ ತಾನಾಗಿ ಜೂಮ್ ಮಾಡುತ್ತಿದ್ದ. ನನಗೆ ಬಂದದ್ದು ಕಂಟಿನ್ಯುಟಿ. ಒಂದು ಶಾಟಿನಲ್ಲಿ ಎಡಹೆಗಲ ಮೇಲಿದ್ದ ದುಪಟ್ಟಾ ಮುಂದಿನ ಶಾಟಿನಲ್ಲಿ ಬಲಹೆಗಲಿಗೆ ಹಾರದಂತೆ ಕಾಯುವ ಕೆಲಸ. ತಪ್ಪು ಹುಡುಕುವವನಿಗೆ ಸಂಬಳವಿಲ್ಲದಿದ್ದರೂ ಹುದ್ದೆ ಸಿಕ್ಕಿತಲ್ಲ ಎಂದು ಹಿಗ್ಗಿದೆ. ನೂರು ಪುಟದ ನೋಟ್‌ಬುಕ್ಕು ಕೊಂಡೆ.

ಆದರೆ ಸವಿತಾಳಿಗೆ ಇದು ಹುಡುಗಾಟವಾಗಿರಲಿಲ್ಲ. "ಈ ಎರಡು ನಿಮಿಷ ನೋಡಿದ ಮ್ಯಾಲ ಹೇಳ್ತೀನಿ, ಮುಂದಿನ ಕೋರ್ಸಿಗೆ ಕಳಸಬೇಕೋ ಬ್ಯಾಡೋ ಅಂತ" ಎಂದಿದ್ದರಂತೆ ಅವಳಪ್ಪ. ಕಾಲೇಜಿನವರು ಕ್ಯಾಮೆರಾ ಕೊಟ್ಟದ್ದು ಒಂದೇ ದಿನಕ್ಕೆ.

ಕಮಲಾಪುರದಲ್ಲಿ ಅವಳ ಸೋದರಮಾವನ ಬಾಳೆತೋಟ. ಆ ಊರಿನ ಕೆಂಪು ಬಾಳೆಯ ಒಂದು ದೊಡ್ಡ ಗೊನೆಯೇ ನಮ್ಮ ಚಿತ್ರದ ಕೇಂದ್ರ. ಹುಡುಗಿ ತೋಟಕ್ಕೆ ಬರುತ್ತಾಳೆ, ಗೊನೆ ನೋಡಿ ನಗುತ್ತಾಳೆ. ಅದು ಬೆಳಗಿನ ಶಾಟ್. ಊಟವಾದ ಮೇಲೆ ಹತ್ತಿರದ ಶಾಟ್: ಗೊನೆಯ ಮೇಲೆ ಕೈ ಇಟ್ಟು ಏನೋ ನೆನೆಯುತ್ತಾಳೆ. ಬೆಳಿಗ್ಗೆ ನಾನು ಕ್ಯಾಮೆರಾ ಸ್ಟ್ಯಾಂಡಿನ ಮೂರು ಕಾಲಿಗೂ ಮೂರು ಗೂಟ ಹೊಡೆದು ಗುರುತು ಮಾಡಿದೆ. ಸವಿತಾ ನಿಂತ ಜಾಗ, ದುಪಟ್ಟಾ, ಕೈಬಳೆ ಎಲ್ಲ ಬರೆದೆ. ನಡುವೆ ಒಂದು ಸಲ ನನಗೇ ಸೀನು ಬಂದು, ಅವಳು ಬೆಚ್ಚಿ ಹಿಂದಿರುಗಿ ನೋಡಿ, ಒಂದು ಟೇಕ್ ಕೆಟ್ಟಿತು. ಅದನ್ನೂ ಪ್ರಾಮಾಣಿಕವಾಗಿ ಬರೆದೆ: "ಕೆಟ್ಟಿದೆ. ಕಾರಣ: ನಾನು."

ಮಧ್ಯಾಹ್ನ ಮಾವನ ಮನೆಯಲ್ಲಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಹೊಟ್ಟೆ ತುಂಬಿದರೆ ನನ್ನ ನಾಲಿಗೆ ನನ್ನ ಕೈಯಲ್ಲಿ ಇರುವುದಿಲ್ಲ. "ಏನ್ ಗೊನೀರಿ ಅದು! ನನ್ನ ಜನ್ಮದಾಗ ಇಂಥದ್ದು ನೋಡಿಲ್ಲ" ಎಂದೆ. ಎರಡು ಸಲ ಎಂದೆ. ನಮ್ಮ ಕಡೆ ಉಂಡ ಮನೆಯ ವಸ್ತುವನ್ನು ಹೊಗಳಬಾರದು. ಹೊಗಳಿದರೆ ಅದು ನಿಮ್ಮ ಚೀಲಕ್ಕೆ ಬರುತ್ತದೆ. ನಮ್ಮ ಮನೆಯ ಹಿತ್ತಾಳೆ ತಂಬಿಗೆ ಹಾಗೆಯೇ ಬಂದದ್ದು, ಅವ್ವ ಯಾರದೋ ಮನೆಯಲ್ಲಿ ನೀರು ಕುಡಿದು "ಛಲೋ ಅದ" ಎಂದಿದ್ದಕ್ಕೆ. ಇದೆಲ್ಲ ಗೊತ್ತಿದ್ದೂ ಮರೆತೆ. ಮಾವ ಮೆಲ್ಲಗೆ ಎದ್ದು ಹೋದದ್ದನ್ನು ಕಂಡೆ, ಕೈತೊಳೆಯಲು ಹೋದರೆಂದುಕೊಂಡೆ.

ನಾವು ತೋಟಕ್ಕೆ ಮರಳಿದಾಗ ಗೊನೆ ಇರಲಿಲ್ಲ. ಗಿಡವೂ ಇರಲಿಲ್ಲ. ಮೊಣಕಾಲುದ್ದದ ಬುಡ ನಿಂತಿತ್ತು.

"ಅಷ್ಟು ಮೆಚ್ಚಿದ್ರಿ, ಬರಿಗೈಲೆ ಹ್ಯಾಂಗ ಕಳಸೋದ್ರಿ?" ಎಂದರು ಮಾವ, ಕುಡುಗೋಲು ಒರೆಸುತ್ತ. "ಗಾಡ್ಯಾಗ ಇಟ್ಟೀನಿ. ಮನ್ಯಾಗ ತೂಗ ಹಾಕ್ರಿ, ಹಣ್ಣಾಗ್ತದ."

"ಮಾಮಾ, ಗಿಡಾ?" ಎಂದಳು ಸವಿತಾ.

"ಗೊನಿ ಕೊಯ್ದ ಮ್ಯಾಲ ಗಿಡ ಇಟ್ಟು ಏನ್ ಮಾಡೋದವ್ವಾ?"

ಆ ಮನುಷ್ಯನ ಮುಖದಲ್ಲಿದ್ದ ಸಂತೋಷ ನೋಡಿದರೆ ಬೈಯುವುದಾದರೂ ಹೇಗೆ? ಬೈಯಬೇಕಾದದ್ದು ನನ್ನನ್ನು. ಸವಿತಾ ಬೈಯಲಿಲ್ಲ, ಬದುವಿನ ಮೇಲೆ ಕೂತಳು. ಅವಳ ಕಣ್ಣು ತುಂಬಿತ್ತು. ಜಾಕೀರ್ ಕೂಡ ಅಂದು ಜೂಮ್ ಮಾಡಲಿಲ್ಲ. ಒಂದು ಹುಡುಗಿಯ ಮುಂದಿನ ಓದನ್ನು ನಾನು ಎರಡು ವಾಕ್ಯದಲ್ಲಿ ಕಡಿದು ಹಾಕಿದ್ದೆ. ಕಡೆಗೆ ಕಣ್ಣೊರೆಸಿಕೊಂಡು ಅವಳು ಕೇಳಿದಳು: "ಸರ್, ಮುಂಜಾನಿ ನೀವು ಸೀನಿದ್ರಲ್ಲ, ಆ ಟೇಕ್ ಅಳಿಸಿಲ್ಲ ಹೌದಿಲ್ಲ?"

ನೋಟ್‌ಬುಕ್ಕು ತೆರೆದೆ. ಗೂಟಗಳು ಅಲ್ಲೇ ಇದ್ದವು. ಕ್ಯಾಮೆರಾವನ್ನು ಕೂದಲೆಳೆಯಷ್ಟೂ ಆಚೀಚೆಯಾಗದಂತೆ ಇಟ್ಟೆವು. ಸವಿತಾ ಅದೇ ಜಾಗದಲ್ಲಿ, ಅದೇ ಹೆಗಲ ಮೇಲೆ ದುಪಟ್ಟಾ ಹಾಕಿ, ಹಿಂದೆ ನೋಡಿದವಳು ಮತ್ತೆ ಮುಂದೆ ತಿರುಗಿ ಬುಡವನ್ನು ಕಂಡು ಬೆರಗಾಗಿ ನಿಂತಳು. ಊರಿಗೆ ಮರಳಿದ ಮೇಲೆ, ಐವಾನ್-ಎ-ಶಾಹಿ ಅತಿಥಿಗೃಹದ ಹತ್ತಿರದ ತನ್ನ ಕೋಣೆಯಲ್ಲಿ ಜಾಕೀರ್ ಎರಡನ್ನೂ ಕಂಪ್ಯೂಟರಿನಲ್ಲಿ ಜೋಡಿಸಿದ. ನನ್ನ ಸೀನನ್ನು ತೆಗೆದು ಅಲ್ಲಿ ಕುಡುಗೋಲಿನ ಒಂದು ಸದ್ದು ಹಾಕಿದ. ಹುಡುಗಿ ನಗುತ್ತಾಳೆ, ಸದ್ದಾಗುತ್ತದೆ, ಹಿಂದೆ ನೋಡುತ್ತಾಳೆ, ಮುಂದೆ ತಿರುಗಿದರೆ ಗಿಡ ಮಾಯ! "ಇದು ಹ್ಯಾಂಗ ಮಾಡ್ದಿ?" ಎಂದೆ. "ಅರೇ ಸಾಬ್, ಕತ್ತರಿ ಎಲ್ಲಿ ಹಾಕಬೇಕು ಅನ್ನೋದೊಂದು ತಿಳದ್ರ ಸಾಕು" ಎಂದು ಜಾಕೀರ್ ನನ್ನ ಕೈಗೇ ಮೌಸ್ ಕೊಟ್ಟ. ಕಚೇರಿಯಲ್ಲಿ ಮೂವತ್ತು ವರ್ಷ ಕಡತ ಕಟ್ಟಿದ ಈ ಕೈಗೆ ದೃಶ್ಯ ಕತ್ತರಿಸುವುದನ್ನೂ ಸದ್ದು ಕೂಡಿಸುವುದನ್ನೂ ಬೇಸರವಿಲ್ಲದೆ ಕಲಿಸಿದವನು ಅವನು. ಕೆಟ್ಟದ್ದನ್ನೂ ಎಸೆಯದೆ ಇಟ್ಟುಕೊಳ್ಳಬೇಕೆಂದು ಕಲಿಸಿದವಳು ಸವಿತಾ. ಇಬ್ಬರ ಋಣವೂ ನನ್ನ ಮೇಲಿದೆ. ಒಂದನ್ನು ಮಾತ್ರ ಸರಿಪಡಿಸಲು ಆಗಲಿಲ್ಲ: ಬೆಳಿಗ್ಗೆ ಅವಳ ನೆರಳು ಎಡಕ್ಕೆ, ಮಧ್ಯಾಹ್ನ ಬಲಕ್ಕೆ. ಜಾಕೀರ್ ಬಣ್ಣ ಸ್ವಲ್ಪ ಮಂಕು ಮಾಡಿ ದೇವರ ಮೇಲೆ ಭಾರ ಹಾಕಿದ.

ಸವಿತಾಳ ಅಪ್ಪ ಎರಡು ನಿಮಿಷ ನೋಡಿ, "ಗೊನಿ ಯಾರು ಒಯ್ದ್ರು? ಮುಂದ?" ಎಂದರಂತೆ. "ಮುಂದಿಂದು ನೋಡಬೇಕಂದ್ರ ಮುಂದಿನ ಕೋರ್ಸಿಗೆ ಕಳಸಪ್ಪಾ" ಎಂದಳಂತೆ ಇವಳು. ಕಳಿಸಿದ್ದಾರೆ.

ಆ ಹೊತ್ತಿಗೆ ನಮ್ಮ ಪಡಸಾಲೆಯಲ್ಲಿ ತೂಗಿದ್ದ ಗೊನೆ ಹಣ್ಣಾಗಿತ್ತು. ಅದನ್ನೇ ತಿನ್ನುತ್ತ ಶಾಂತಾಳಿಗೆ ಚಿತ್ರ ತೋರಿಸಿದೆ. ಗಿಡ ಮಾಯವಾದಾಗ ಅವಳು "ಅಯ್ಯ!" ಎಂದಳು. ನನಗೆ ಜೀವಮಾನದ ಬಹುಮಾನ ಬಂದಂತಾಯಿತು. ಮರುಕ್ಷಣ ಅವಳು ಮುಂದೆ ಬಾಗಿ, ಪರದೆಗೆ ಬೆರಳು ಹಚ್ಚಿ, "ರೀ, ಆ ಹುಡುಗೀ ನೆಳ್ಳು ಈಗ ಈ ಕಡಿ ಇತ್ತು, ಆ ಕಡಿ ಹ್ಯಾಂಗ ಹೋಯ್ತು?" ಎಂದಳು.

ಬಾಯಲ್ಲಿದ್ದ ಬಾಳೆಹಣ್ಣು ನುಂಗಿ ಹೇಳಿದೆ: "ಸುಮ್ಮ ಕೂತು ಸಿನಿಮಾ ನೋಡ."